ಕಪ್ಪು ಹಡಗುಗಳ ಚಿತ್ರದಲ್ಲಿ ಮಸಿ, ಅಂಟು, ನೀಲಿ

1853ರ ಜುಲೈ 8ರಂದು ಅಮೆರಿಕದ ಕಮಡೋರ್ ಮ್ಯಾಥ್ಯೂ ಪೆರಿಯ ನಾಲ್ಕು ಯುದ್ಧನೌಕೆಗಳು ಜಪಾನಿನ ಎಡೊ (ಈಗಿನ ಟೋಕಿಯೊ) ಕೊಲ್ಲಿಯ ಬಾಯಲ್ಲಿ, ಉರಾಗಾ ಬಳಿ ಲಂಗರು ಹಾಕಿದವು. ಸಸ್ಕ್ವೆಹಾನಾ ಮತ್ತು ಮಿಸಿಸಿಪ್ಪಿ ಉಗಿಯಿಂದ ಓಡುವವು. ಪ್ಲಿಮತ್, ಸಾರಟೋಗಾ ಬರೀ ಹಾಯಿ ಹಡಗುಗಳು. ಜಪಾನೀಯರು ಇವನ್ನು ಕುರೊಫುನೆ, ಅಂದರೆ ಕಪ್ಪು ಹಡಗು ಎಂದು ಕರೆದರು. ಹಡಗು ಎಷ್ಟು ಉದ್ದ, ಫಿರಂಗಿ ಎಷ್ಟು ಎಂದು ಮೇಲಿನವರಿಗೆ ತಿಳಿಸಬೇಕಿತ್ತು. ಅದಕ್ಕೆ ಕುಂಚವೇ ಗತಿ. ಹಾಗಾಗಿ ಎಷ್ಟೋ ಚಿತ್ರಗಳಲ್ಲಿ ಹಡಗಿನ ಪಕ್ಕದಲ್ಲೇ ಅಳತೆ ಬರೆದಿರುತ್ತದೆ. ಅಳತೆ ‘ಕೆನ್’ ಲೆಕ್ಕದಲ್ಲಿ: ಒಂದು ಕೆನ್ ಸುಮಾರು 1.8 ಮೀಟರ್. ಸುಮಾರು 78 ಮೀಟರ್ ಉದ್ದದ ಸಸ್ಕ್ವೆಹಾನಾ ಆ ಲೆಕ್ಕಕ್ಕೆ 43 ಕೆನ್ ಆಗುತ್ತದೆ.

ಕಣ್ಣಾರೆ ಕಂಡು ಬರೆದದ್ದೋ, ಕೇಳಿ ಬರೆದದ್ದೋ ಎಂದು ತಿಳಿಯಲು ನಾನು ಮೊದಲು ನೋಡುವುದು ಉಗಿಹಡಗಿನ ಪಕ್ಕದಲ್ಲಿ ತಿರುಗಿ ನೀರು ತಳ್ಳುವ ಚಕ್ರವನ್ನು. ನಿಜವಾದ ಹಡಗಿನಲ್ಲಿ ಪಕ್ಕದ ಚಕ್ರದ ಮೇಲರ್ಧಕ್ಕೆ ಮರದ ಕವಚವಿತ್ತು, ಕೆಳಭಾಗ ನೀರಲ್ಲಿ ಮುಳುಗಿರುತ್ತಿತ್ತು. ಬೀದಿಯಲ್ಲಿ ಮಾರುತ್ತಿದ್ದ ಅಚ್ಚಿನ ಹಾಳೆಗಳಲ್ಲಿ ಮಾತ್ರ ಇಡೀ ಚಕ್ರ ಅದರ ಕಡ್ಡಿಗಳ ಸಮೇತ ಬಯಲಾಗಿರುತ್ತದೆ. ನಕಲಿನಿಂದ ನಕಲು ತೆಗೆದಾಗ ತಪ್ಪು ಬೆಳೆಯುತ್ತ ಹೋಗುತ್ತದೆ: ಹಗ್ಗ ಕಂಬಕ್ಕೆ ತಾಗದೆ ನಿಲ್ಲುತ್ತದೆ, ಫಿರಂಗಿ ಕಿಂಡಿಗಳ ಎಣಿಕೆ ಬದಲಾಗುತ್ತದೆ.

ಬಣ್ಣಕ್ಕಿಂತ ಮೊದಲು ಕಾಗದ ಹದವಾಗಬೇಕು. ಕೋಜೊ ಎಂಬ ಗಿಡದ ತೊಗಟೆಯ ನಾರಿನ ಕಾಗದ ನೀರನ್ನು ಹೀರಿಬಿಡುತ್ತದೆ, ತೆಳು ಗೆರೆ ಹರಡಿಹೋಗುತ್ತದೆ. ಅದನ್ನು ತಡೆಯಲು ‘ದೋಸಾ’ ಎಂಬ ದ್ರಾವಣ ಬಳಿಯುತ್ತಾರೆ. ಈಗಲೂ ಚಾಲ್ತಿಯಲ್ಲಿರುವ ಒಂದು ಹದ ಹೀಗಿದೆ: ಒಂದು ಲೀಟರ್ ನೀರಿಗೆ 15ರಿಂದ 20 ಗ್ರಾಂ ಪ್ರಾಣಿಜನ್ಯ ಅಂಟು, ಅದರ ಮೂರನೇ ಒಂದು ಭಾಗದಷ್ಟು ಪಟಿಕ. ಅಂಟನ್ನು ರಾತ್ರಿ ನೆನೆಸಿ, ಕುದಿ ಬರದಂತೆ ಬಿಸಿಮಾಡಿ ಕರಗಿಸಬೇಕು. ಕುದಿದರೆ ಅಂಟಿನ ಬಲ ಹೋಗುತ್ತದೆ. ಪಟಿಕ ಕಡಿಮೆಯಾದರೆ ಬಣ್ಣ ಹರಡುತ್ತದೆ. ಹೆಚ್ಚಾದರೆ ಆಗ ಏನೂ ಗೊತ್ತಾಗುವುದಿಲ್ಲ, ಆದರೆ ಅದರ ಆಮ್ಲೀಯತೆ ದಶಕಗಳಲ್ಲಿ ಕಾಗದವನ್ನು ಕಂದಾಗಿಸಿ ಮುರುಕಲು ಮಾಡುತ್ತದೆ.

ಹಡಗಿನ ಒಡಲಿನ ಕಪ್ಪು ಸುಮಿ ಮಸಿಯದು, ಅಂದರೆ ಕಾಡಿಗೆ ಮತ್ತು ಅಂಟು. ಒಂದೇ ಸಲಕ್ಕೆ ದಪ್ಪಗೆ ಬಳಿದರೆ ಒಣಗಿದ ಮೇಲೆ ಹೊಳೆಯುತ್ತದೆ, ಸುರುಳಿ ಸುತ್ತಿದಾಗ ಬಿರಿಯುತ್ತದೆ. ತೆಳು ಮಸಿಯನ್ನು ಒಣಗಿಸಿ ಒಣಗಿಸಿ ಪದರವಾಗಿ ಹಚ್ಚಿದರೆ ಕಪ್ಪಿಗೆ ಆಳ ಬರುತ್ತದೆ, ಹಲಗೆಗಳ ಸಂದು ಕೂಡ ಉಳಿದುಕೊಳ್ಳುತ್ತದೆ. ಹಾಯಿಗೆ ಹಚ್ಚುವ ಬಿಳಿ ಬಣ್ಣ ಚಿಪ್ಪಿನ ಪುಡಿಯದು, ಹೆಸರು ‘ಗೋಫುನ್’. ಅದಕ್ಕೆ ಅಂಟು ಕಡಿಮೆಯಾದರೆ ಪುಡಿಯಾಗಿ ಉದುರುತ್ತದೆ, ಜಾಸ್ತಿಯಾದರೆ ಚಕ್ಕೆಯೇಳುತ್ತದೆ.

ಕಡಲಿನ ನೀಲಿ ಎರಡು ಬಗೆಯದಾಗಿರಬಹುದು: ಗಿಡದಿಂದ ತೆಗೆದ ನೀಲಿ, ಇಲ್ಲವೇ 1830ರ ಹೊತ್ತಿಗೆ ಜಪಾನಿನಲ್ಲಿ ಅಗ್ಗವಾಗಿದ್ದ ಪ್ರಷ್ಯನ್ ನೀಲಿ ಎಂಬ ಕೃತಕ ಬಣ್ಣ. ಬರಿಗಣ್ಣಿಗೆ ಎರಡೂ ಒಂದೇ ತರಹ ಕಾಣಬಹುದು. ಕಣ್ಣಿಗೆ ಕಾಣದ ಅವಗೆಂಪು (ಇನ್‌ಫ್ರಾರೆಡ್) ಕಿರಣ ಹಿಡಿಯುವ ಕ್ಯಾಮೆರಾದಲ್ಲಿ ಗಿಡದ ನೀಲಿ ಬಹುಪಾಲು ಮಾಯವಾಗುತ್ತದೆ, ಪ್ರಷ್ಯನ್ ನೀಲಿ ಕಪ್ಪಾಗಿ ನಿಲ್ಲುತ್ತದೆ. ಅದರಲ್ಲಿ ಕಬ್ಬಿಣವಿರುವುದರಿಂದ ಬಣ್ಣದಲ್ಲಿರುವ ಧಾತುಗಳನ್ನು ಗುರುತಿಸುವ ಎಕ್ಸ್-ರೇ ಪ್ರತಿದೀಪ್ತಿ ಪರೀಕ್ಷೆಯಲ್ಲೂ ಸಿಕ್ಕಿಬೀಳುತ್ತದೆ. ಮಸಿಯ ಇಂಗಾಲ ಅವಗೆಂಪು ಕಿರಣವನ್ನು ಹೀರುತ್ತದೆ. ಆದ್ದರಿಂದ ಗಿಡದ ನೀಲಿಯ ಅಡಿಯಲ್ಲಿ ಕಲಾವಿದ ಮಸಿಯಲ್ಲಿ ಗೆರೆ ಎಳೆದು ತಿದ್ದಿಕೊಂಡಿದ್ದರೆ ಅದು ಎದ್ದು ಕಾಣುತ್ತದೆ. ನನ್ನ ಮಟ್ಟಿಗೆ ಅವಗೆಂಪು ಪರೀಕ್ಷೆಯ ದೊಡ್ಡ ಲಾಭವೇ ಅದು.

ಗಿಡದ ನೀಲಿ ಬೆಳಕಿಗೆ ಮಾಸುತ್ತದೆ. ಹಾಗಾಗಿ ಪ್ರದರ್ಶನದಲ್ಲಿ ಇಂಥ ಚಿತ್ರಗಳಿಗೆ ಸಾಮಾನ್ಯವಾಗಿ 50 ಲಕ್ಸ್ (ಬೆಳಕಿನ ಅಳತೆ) ಮಂದ ಬೆಳಕು, ಅದೂ ಕೆಲವೇ ವಾರ. ದಪ್ಪ ಬಣ್ಣವಿರುವ ಸುರುಳಿಯನ್ನು ಅಗಲವಾದ ಉರುಳೆಗೆ ಸುತ್ತಿಡುತ್ತಾರೆ. ಬಾಗು ಕಡಿಮೆಯಾದಷ್ಟೂ ಬಣ್ಣ ಬಿರಿಯುವುದು ಕಡಿಮೆ.