ಚಿಮಣಿ ಎಣ್ಣೆಯಲ್ಲಿ ಉಬ್ಬದ ಎರೆಮಣ್ಣು

ಸೆಮಿಸ್ಟರ್ ಮುಗಿಯುವ ಹೊತ್ತಿಗೆ ವಿಜ್ಞಾನ ನಿಕಾಯದ ಸೂಚನಾ ಫಲಕದಲ್ಲಿ ಪಿನ್ ಚುಚ್ಚಲು ಜಾಗ ಉಳಿಯುವುದಿಲ್ಲ. ರ‍್ಯಾಂಕ್ ಪಡೆದವರ ಪಟ್ಟಿ, ಅಧ್ಯಾಪಕ ಹುದ್ದೆಯ ಅರ್ಹತಾ ಪರೀಕ್ಷೆಗಳಾದ ನೆಟ್ ಮತ್ತು ಕೆ-ಸೆಟ್ ತೇರ್ಗಡೆಯಾದವರ ಭಾವಚಿತ್ರಗಳು, ಪಿಎಚ್.ಡಿ. ಮೌಖಿಕ ಪರೀಕ್ಷೆಯ ದಿನಾಂಕ ಎಲ್ಲವೂ ಅಲ್ಲಿರುತ್ತವೆ. ಇವು ಹೆಮ್ಮೆಪಡಬೇಕಾದ ಸುದ್ದಿಗಳೇ. ವಿಜಯಪುರದಲ್ಲಿ 2003ರಲ್ಲಿ ಮಹಿಳಾ ವಿಶ್ವವಿದ್ಯಾಲಯವೂ ಬೆಳಗಾವಿಯಲ್ಲಿ 2010ರಲ್ಲಿ ರಾಣಿ ಚನ್ನಮ್ಮ ವಿಶ್ವವಿದ್ಯಾಲಯವೂ ಆರಂಭವಾಗುವ ಮೊದಲು ಈ ಸೀಮೆಯ ಪದವಿ ಕಾಲೇಜುಗಳೆಲ್ಲ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಕಡೆಗೇ ಮುಖ ಮಾಡಿದ್ದವು ಎಂಬುದನ್ನು ನೆನೆದರೆ, ಆ ಭಾವಚಿತ್ರಗಳ ಸಾಲು ಎಷ್ಟು ದೊಡ್ಡ ಮಾತು ಎಂಬುದು ತಿಳಿಯುತ್ತದೆ. ಆದರೆ ಅದೇ ದಿನಗಳಲ್ಲಿ ಪ್ರಯೋಗಾಲಯದ ಒಳಗೆ ನಡೆಯುವ ಸಾಧನೆಯೊಂದಿದೆ. ಅದು ಕೊನೆಯ ಸೆಮಿಸ್ಟರಿನ ವಿದ್ಯಾರ್ಥಿಗಳ ಪ್ರಾಜೆಕ್ಟ್. ಮೌಖಿಕ ಪರೀಕ್ಷೆ ಮುಗಿದ ಮೇಲೆ ಬೈಂಡ್ ಮಾಡಿದ ವರದಿ ಕಪಾಟು ಸೇರುತ್ತದೆ, ಅದರ ಸುದ್ದಿ ಮಾತ್ರ ಫಲಕದವರೆಗೆ ಬರುವುದೇ ಇಲ್ಲ.

ವಿಷಯವನ್ನು ದೂರದಲ್ಲಿ ಹುಡುಕಬೇಕಾಗಿಲ್ಲ ಎಂದು ನಾನು ಪ್ರತಿ ವರ್ಷ ವಿದ್ಯಾರ್ಥಿಗಳಿಗೆ ಹೇಳುತ್ತೇನೆ. ಸಿ.ವಿ. ರಾಮನ್ 1920ರ ದಶಕದ ಆರಂಭದಲ್ಲಿ ಪಿಸುಮಾತೂ ಗೋಡೆಗುಂಟ ಸಾಗಿ ದೂರಕ್ಕೆ ಕೇಳಿಸುವ ‘ಪಿಸುಗುಟ್ಟುವ ಗ್ಯಾಲರಿ’ಗಳನ್ನು ಕುರಿತು ಬರೆದಾಗ ನಮ್ಮ ಗೋಳಗುಮ್ಮಟವನ್ನೂ ಪರೀಕ್ಷಿಸಿದ್ದರು. ಎರಡು ಮೊಬೈಲ್ ಫೋನುಗಳನ್ನು ಎದುರುಬದುರು ಇಟ್ಟು, ಗೋಡೆಗುಂಟ ತೆವಳಿ ಬರುವ ಸದ್ದಿಗೂ ನೇರವಾಗಿ ಬರುವ ಸದ್ದಿಗೂ ಇರುವ ಕಾಲದ ಅಂತರವನ್ನು ಅಳೆಯುವುದು ಭೌತವಿಜ್ಞಾನದ ವಿದ್ಯಾರ್ಥಿಗೆ ಇಂದಿಗೂ ಒಳ್ಳೆಯ ಕೆಲಸ. ನಾನು ರಸಾಯನವಿಜ್ಞಾನದವನಾದ್ದರಿಂದ ಮಣ್ಣಿನ ಕಡೆಗೆ ಬರುತ್ತೇನೆ.

ಈ ಸಲ ನಮ್ಮ ವಿಭಾಗದ ವಿದ್ಯಾರ್ಥಿನಿಯೊಬ್ಬಳು ಆರಿಸಿಕೊಂಡಿದ್ದು ತನ್ನ ಮನೆಯ ಹೊಲದ ಎರೆಮಣ್ಣನ್ನು, ಎಂದರೆ ಕಪ್ಪು ಜೇಡಿಮಣ್ಣನ್ನು. ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಬಿರಿಯುವ ನೆಲ ಮಳೆಯಾದ ಮೇಲೆ ಕಾಲಿಗೆ ಅಂಟಿ ಬಿಡದಂತಾಗುವುದೇಕೆ, ಬಾದಾಮಿ ಕಡೆಯ ಮಸಾರಿ ಎಂಬ ಕೆಂಪು ಮಣ್ಣು ಹಾಗೇಕೆ ಮಾಡುವುದಿಲ್ಲ ಎಂಬುದು ಅವಳ ಪ್ರಶ್ನೆ. ಪ್ರಶ್ನೆ ಹಳೆಯದು, ಉತ್ತರವೂ ಪುಸ್ತಕಗಳಲ್ಲಿದೆ. ಆದರೂ ಅದನ್ನು ಸ್ವಂತ ಕೈಯಿಂದ ಅಳೆದು ನೋಡುವುದೇ ಬೇರೆ.

ಮಣ್ಣು ನೀರಿನಲ್ಲಿ ಎಷ್ಟು ಉಬ್ಬುತ್ತದೆ ಎಂದು ಅಳೆಯುವ ವಿಧಾನ ತೀರ ಸರಳವಾದದ್ದು. ಕಟ್ಟಡದ ಬುನಾದಿ ಹಾಕುವ ಎಂಜಿನಿಯರುಗಳು ಭಾರತೀಯ ಮಾನಕದ ಪ್ರಕಾರ ಇದನ್ನೇ ಮಾಡುತ್ತಾರೆ. ಒಣಗಿಸಿ, ಪುಡಿ ಮಾಡಿ, 425 ಮೈಕ್ರಾನ್ ಜರಡಿಯಲ್ಲಿ ಸಾಣಿಸಿದ ಮಣ್ಣನ್ನು ಹತ್ತು ಹತ್ತು ಗ್ರಾಮಿನಂತೆ ತೂಗಿ ಎರಡು ಅಳತೆಯ ಜಾಡಿಗಳಿಗೆ ಹಾಕಬೇಕು. ಒಂದಕ್ಕೆ 100 ಮಿಲಿಲೀಟರ್ ಗುರುತಿನವರೆಗೆ ಬಟ್ಟಿ ಇಳಿಸಿದ ನೀರು, ಇನ್ನೊಂದಕ್ಕೆ ಚಿಮಣಿ ಎಣ್ಣೆ, ಎಂದರೆ ಸೀಮೆಎಣ್ಣೆ. ಗಾಜಿನ ಕಡ್ಡಿಯಿಂದ ಕದಡಿ, ಸಿಕ್ಕಿಕೊಂಡ ಗಾಳಿಯನ್ನು ಬಿಡಿಸಿ, 24 ತಾಸು ಮುಟ್ಟದೆ ಇಡಬೇಕು. ಮರುದಿನ ನೋಡಿದರೆ ಚಿಮಣಿ ಎಣ್ಣೆಯ ತಳದಲ್ಲಿ ಮಣ್ಣು ಹಾಕಿದಷ್ಟೇ ಕುಳಿತಿರುತ್ತದೆ. ನೀರಿನ ಜಾಡಿಯಲ್ಲಿ ಅದೇ ಹತ್ತು ಗ್ರಾಂ ಮಣ್ಣು ನೆನೆದ ಹಿಟ್ಟಿನಂತೆ ಮೇಲೇರಿರುತ್ತದೆ. ಎಣ್ಣೆಯಲ್ಲಿ 10 ಮಿಲಿಲೀಟರ್, ನೀರಿನಲ್ಲಿ 18 ಮಿಲಿಲೀಟರ್ ನಿಂತರೆ ಉಬ್ಬುವಿಕೆ ಶೇಕಡಾ 80 ಎಂದು ಲೆಕ್ಕ.

ಈ ವ್ಯತ್ಯಾಸದ ಮೂಲ ಬಹಳ ಹಿಂದಿನದು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖ್ಖನ್ ಪ್ರದೇಶದಲ್ಲಿ ಉಕ್ಕಿ ಹರಡಿದ ಲಾವಾ ಆರಿ ಬಸಾಲ್ಟ್ ಕಲ್ಲಾಯಿತು. ವಿಜಯಪುರ ಜಿಲ್ಲೆಯ ಬಹುಭಾಗ ಆ ಕಲ್ಲಿನ ಮೇಲೆಯೇ ಇದೆ. ಕ್ಯಾಲ್ಸಿಯಂ, ಮೆಗ್ನೀಸಿಯಂ, ಕಬ್ಬಿಣ ತುಂಬಿದ ಬಸಾಲ್ಟ್ ಕಡಿಮೆ ಮಳೆಯಲ್ಲಿ ಕರಗಿ ಸವೆದಾಗ ಸ್ಮೆಕ್ಟೈಟ್ ಎಂಬ ಜೇಡಿ ಖನಿಜ ಹುಟ್ಟುತ್ತದೆ. ಇದರ ಕಣವೆಂದರೆ ಒಂದರ ಮೇಲೊಂದು ಜೋಡಿಸಿದ ಹಾಳೆಗಳ ಕಟ್ಟು. ಒಂದು ಹಾಳೆಯ ದಪ್ಪ ಸುಮಾರು ಒಂದು ನ್ಯಾನೋಮೀಟರ್. ಹಾಳೆಗಳ ಮೇಲೆ ಋಣ ವಿದ್ಯುದಂಶವಿರುವುದರಿಂದ ಅವುಗಳ ನಡುವೆ ಕ್ಯಾಲ್ಸಿಯಂ, ಸೋಡಿಯಂ ಮುಂತಾದ ಧನ ಅಯಾನುಗಳು, ಎಂದರೆ ಧನ ವಿದ್ಯುದಂಶ ಹೊತ್ತ ಪರಮಾಣುಗಳು, ಸೇರಿಕೊಂಡಿರುತ್ತವೆ. ನೀರಿನ ಅಣುವಿನ ಒಂದು ತುದಿ ಧನ, ಇನ್ನೊಂದು ತುದಿ ಋಣ. ಆದ್ದರಿಂದ ಅದು ಈ ಅಯಾನುಗಳ ಸೆಳೆತಕ್ಕೆ ಸಿಕ್ಕಿ ಹಾಳೆಗಳ ನಡುವೆ ನುಗ್ಗಿ ಅವನ್ನು ದೂರ ಸರಿಸುತ್ತದೆ. ಚಿಮಣಿ ಎಣ್ಣೆಯ ಅಣುವಿಗೆ ಅಂಥ ತುದಿಗಳಿಲ್ಲ, ಹಾಗಾಗಿ ಅದು ಹೊರಗೇ ಉಳಿಯುತ್ತದೆ. ಮಸಾರಿಯಲ್ಲಿ ಮರಳು ಹೆಚ್ಚು, ಇರುವ ಜೇಡಿಯೂ ಬಹುಮಟ್ಟಿಗೆ ಬಿಗಿಯಾದ ಹಾಳೆಗಳ ಕೆಯೋಲಿನೈಟ್. ಅದು ಎರಡೂ ಜಾಡಿಗಳಲ್ಲಿ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿ ನಿಲ್ಲುತ್ತದೆ.

ಶುದ್ಧ ಸ್ಮೆಕ್ಟೈಟಿನ ಒಂದು ಗ್ರಾಮಿನಲ್ಲಿರುವ ಹಾಳೆಗಳನ್ನೆಲ್ಲ ಬಿಡಿಸಿ ಹಾಸಿದರೆ ಅವುಗಳ ಮೇಲ್ಮೈ 700ರಿಂದ 800 ಚದರ ಮೀಟರ್ ಆಗುತ್ತದೆ. ಎಂದರೆ ಒಂದು ಚಮಚೆಯಷ್ಟು, ಐದು ಗ್ರಾಂ ಜೇಡಿಯೊಳಗೆ ಹತ್ತಿರ ಹತ್ತಿರ ಒಂದು ಎಕರೆ ಹೊಲ ಮಡಚಿಕೊಂಡಿದೆ. ಆ ವಿಸ್ತಾರದ ಅಂದಾಜು ಸಿಗಲೆಂದು ವಿದ್ಯಾರ್ಥಿನಿ ಮಿಥಿಲೀನ್ ಬ್ಲೂ ಬಣ್ಣವನ್ನು ತೊಟ್ಟು ತೊಟ್ಟಾಗಿ ಮಣ್ಣಿನ ರಾಡಿಗೆ ಸೇರಿಸಿ, ಪ್ರತಿ ಸಲ ಒಂದು ಹನಿಯನ್ನು ಸೋಸುಕಾಗದದ ಮೇಲಿಟ್ಟು ನೋಡುತ್ತಿದ್ದಳು. ಜೇಡಿ ಬಣ್ಣವನ್ನು ಹೀರುತ್ತಿರುವವರೆಗೆ ಕಾಗದದ ಮೇಲೆ ಕಡುನೀಲಿ ಬೊಟ್ಟು ಮಾತ್ರ, ಸುತ್ತಲಿನ ನೀರು ಬೆಳ್ಳಗೆ. ಹಾಳೆಗಳು ತುಂಬಿದ ಕ್ಷಣದಲ್ಲಿ ಬೊಟ್ಟಿನ ಸುತ್ತ ತಿಳಿನೀಲಿ ಬಳೆಯೊಂದು ಮೂಡುತ್ತದೆ. ಆ ಬಳೆಗಾಗಿ ಅವಳು ಎರಡು ತಾಸು ಕಾದದ್ದನ್ನು ನಾನು ಕಂಡಿದ್ದೇನೆ.

ನಡುವೆ ಒಂದು ಎಡವಟ್ಟೂ ಆಯಿತು. ಬಟ್ಟಿ ಇಳಿಸುವ ಯಂತ್ರ ಕೆಟ್ಟಿದ್ದ ವಾರದಲ್ಲಿ ಅವಳು ಬೋರ್‌ವೆಲ್ ನೀರನ್ನೇ ಬಳಸಿದ್ದಳು. ಉಬ್ಬುವಿಕೆ ಹಿಂದಿನದಕ್ಕಿಂತ ಕಡಿಮೆ ಬಂತು. ತೂಕ ತಪ್ಪಿತೆಂದು ಮೊದಲು ಎಲ್ಲರೂ ಭಾವಿಸಿದೆವು. ಕಾರಣದ ಎಳೆ ಹಿಡಿದವಳು ಅವಳೇ: ಬಟ್ಟಿ ಇಳಿಸಿದ ನೀರಿನ ಜಾಡಿ ಮರುದಿನವೂ ರಾಡಿಯಾಗಿತ್ತು, ಬೋರ್‌ವೆಲ್ ನೀರು ಮಾತ್ರ ಕನ್ನಡಿಯಂತೆ ತಿಳಿಯಾಗಿತ್ತು. ನೀರಿನಲ್ಲಿ ಮೊದಲೇ ಲವಣಗಳಿದ್ದರೆ ಹಾಳೆಗಳ ನಡುವಿನ ಅಯಾನುಗಳು ಹೊರಗಿನ ನೀರನ್ನು ಸೆಳೆಯುವ ಬಲ ಕುಗ್ಗುತ್ತದೆ. ಕ್ಯಾಲ್ಸಿಯಂ ಹೆಚ್ಚಿದ್ದರೆ ಹಾಳೆಗಳು ಇನ್ನಷ್ಟು ಬಿಗಿಯಾಗಿ ಉಳಿಯುತ್ತವೆ, ಕಣಗಳು ಗುಂಪುಗೂಡಿ ಬೇಗ ತಳ ಸೇರುತ್ತವೆ. ಅವಳು ಆ ವಾರದ ಮೂರು ಅಳತೆಗಳನ್ನು ಅಳಿಸದೆ ಬೇರೆ ಕೋಷ್ಟಕದಲ್ಲಿ ಬರೆದಳು. ನನ್ನ ಲೆಕ್ಕದಲ್ಲಿ ಈ ವರ್ಷದ ಅತ್ಯುತ್ತಮ ಪುಟ ಅದು.

ಇದು ಹೊಲದ ಬದುಕಿಗೆ ನೇರವಾಗಿ ಸೇರುವ ಮಾತು. ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ ಬೀಳುವ ಸೀಮೆಯಲ್ಲಿ ಹಿಂಗಾರಿ ಬಿಳಿಜೋಳ ಮುಖ್ಯವಾಗಿ ಎರೆ ಹಿಡಿದಿಟ್ಟ ಹಸಿಯಿಂದಲೇ ತೆನೆ ಕಟ್ಟುತ್ತದೆ. ಹಸಿ ಆರಿ ನೆಲ ಬಿರಿದರೆ ಬೇರುಗಳು ಹರಿದು ತುಂಡಾಗುತ್ತವೆ, ಬಿರುಕಿನ ಗೋಡೆಗಳಿಂದ ಆಳದ ಹಸಿಯೂ ಆವಿಯಾಗುತ್ತದೆ. ನಿಂತ ಜೋಳದಲ್ಲಿ ಮತ್ತೆ ಮತ್ತೆ ಎಡೆ ಹೊಡೆದು, ಎಂದರೆ ಸಾಲುಗಳ ನಡುವಿನ ಮಣ್ಣನ್ನು ಸಡಿಲಿಸಿ, ಮೇಲುಮಣ್ಣಿನಿಂದ ಬಿರುಕು ಮುಚ್ಚುವ ನಮ್ಮ ರೈತರ ರೂಢಿ ಇದಕ್ಕೆ ತಕ್ಕ ಉಪಾಯ. ಬೇಸಿಗೆಯ ಬಿರುಕಿಗೆ ಮಾತ್ರ ಇನ್ನೊಂದು ಗುಣವಿದೆ: ಮೇಲಿನ ಹುಡಿಮಣ್ಣು ಅದರೊಳಗೆ ಉದುರಿ, ಮೊದಲ ಮಳೆಯ ನೀರು ನೇರ ಆಳಕ್ಕೆ ಇಳಿದು, ನೆಲ ತನ್ನನ್ನು ತಾನೇ ಉತ್ತುಕೊಳ್ಳುತ್ತದೆ. ಎರೆಹೊಲದಲ್ಲಿ ಮನೆ ಕಟ್ಟುವವರು ಕಪ್ಪು ಮಣ್ಣನ್ನು ತೆಗೆದು ಗರಸು (ಸಣ್ಣ ಕಲ್ಲು ಬೆರೆತ ಗಟ್ಟಿ ಮಣ್ಣು) ತುಂಬುವುದೂ ಈ ಉಬ್ಬುವಿಕೆಗೆ ಹೆದರಿಯೇ.

ಮೌಖಿಕ ಪರೀಕ್ಷೆಯಲ್ಲಿ ಹೊರಗಿನಿಂದ ಬಂದ ಪರೀಕ್ಷಕರು ಹೆಚ್ಚು ಹೊತ್ತು ಕೇಳಿದ್ದು ಬೋರ್‌ವೆಲ್ ನೀರಿನ ಆ ಕೋಷ್ಟಕದ ಬಗ್ಗೆಯೇ. ಹೊರಗೆ ಬಂದವಳು ಜಾಡಿಗಳನ್ನು ತೊಳೆದಿಟ್ಟು, ಉಳಿದ ಮಣ್ಣನ್ನು ಡಬ್ಬಿಗೆ ತುಂಬಿ, ಊರು, ಹೊಲ, ಆಳ, ದಿನಾಂಕ ಬರೆದು ಚೀಟಿ ಅಂಟಿಸಿದಳು. ಪಕ್ಕದಲ್ಲಿ ಇನ್ನೊಂದು ಡಬ್ಬಿ ಇಟ್ಟಿದ್ದಾಳೆ. ಅದರಲ್ಲಿರುವುದು ಉಪ್ಪುನೀರಿಗೆ ಹೆಸರಾದ ಡೋಣಿ ಹೊಳೆಯ ದಂಡೆಯ ಮಣ್ಣು. ಮುಂದಿನ ತಂಡ ಅದನ್ನು ಎರಡೂ ಬಗೆಯ ನೀರಿನಲ್ಲಿ ಅಳೆಯಲಿದೆ.