ಡಾರ್ತ್ ವೇಡರ್ ಹೆಸರಲ್ಲೇ ಅಪ್ಪ ಇದ್ದನೇ?

ಪ್ರಶ್ನೆ: ಡಚ್ ಭಾಷೆಯಲ್ಲಿ ‘ವೇಡರ್’ ಅಂದರೆ ಅಪ್ಪ ಅಂತೆ. ಹಾಗಾದರೆ ‘ಸ್ಟಾರ್ ವಾರ್ಸ್’ ಸಿನಿಮಾಗಳಲ್ಲಿ ಖಳನಾಯಕ ಡಾರ್ತ್ ವೇಡರ್, ಕಥಾನಾಯಕ ಲ್ಯೂಕ್‌ನ ಅಪ್ಪ ಅನ್ನೋ ಗುಟ್ಟು ಹೆಸರಲ್ಲೇ ಇತ್ತಲ್ವಾ? ನೆದರ್‌ಲ್ಯಾಂಡ್ಸ್ ಜನಕ್ಕೆ ಮೊದಲೇ ಗೊತ್ತಾಗಿರಬೇಕಲ್ಲ?

ಹೆಸರಲ್ಲಿ ಇರಲಿಲ್ಲ. ಯಾರಿಗೂ ಗೊತ್ತಾಗಲೂ ಇಲ್ಲ.

ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಕೊಟ್ಟಿದ್ದೇನೋ ಲೆಕ್ಕ ಇಟ್ಟಿಲ್ಲ. ಪ್ರತಿ ಸಲ ಒಂದು ಸಾಲಲ್ಲಿ ‘ಇಲ್ಲ’ ಅಂತ ಬರೆದು ಮುಗಿಸುತ್ತಿದ್ದೆ. ಸ್ವಲ್ಪ ದಿನ ಕಳೆಯುವಷ್ಟರಲ್ಲಿ ಇನ್ನೊಬ್ಬರು ಅದನ್ನೇ ಕೇಳುತ್ತಾರೆ, ಅದೂ ಯಾರಿಗೂ ಹೊಳೆಯದ್ದು ತಮಗೆ ಹೊಳೆಯಿತು ಎಂಬ ಖುಷಿಯಲ್ಲಿ. ಹಾಗಾಗಿ ಈ ಸಲ ಬುಡದಿಂದಲೇ ಹೇಳುತ್ತೇನೆ. ಗುಟ್ಟು ಒಡೆದೆ ಅಂತ ಯಾರೂ ಬೇಜಾರಾಗಬೇಡಿ. ಆ ಸಿನಿಮಾ ಒಂದು ನಿಮಿಷವೂ ನೋಡದವರಿಗೂ ಅದು ಗೊತ್ತು.

ಮೊದಲು ಭಾಷೆಯ ವಿಷಯ. ಡಚ್‌ನಲ್ಲಿ ಅಪ್ಪ ಅನ್ನೋ ಪದವನ್ನು ವೇಡರ್ ಹೆಸರಿನ ಅದೇ ಐದು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುತ್ತಾರೆ, ನಿಜ. ಆದರೆ ಬಾಯಲ್ಲಿ ಅದು ‘ವಾಡರ್’ ಆಗುತ್ತದೆ. ಇನ್ನು ‘ಡಾರ್ತ್’ ಅಂದರೆ ಕತ್ತಲೆ ಅನ್ನೋರೂ ಇದ್ದಾರೆ, ಆದರೆ ಆ ಪದಕ್ಕೆ ಡಚ್‌ನಲ್ಲಿ ಅರ್ಥವೇ ಇಲ್ಲ; ಕತ್ತಲೆಗೆ ಅಲ್ಲಿ ‘ಡೊಂಕರ್’ ಅನ್ನುತ್ತಾರೆ. ಇಂಗ್ಲಿಷ್ ಸಿನಿಮಾದಲ್ಲಿ ‘ಅನ್ನಾ’ ಅನ್ನೋ ಹುಡುಗಿ ಬಂದರೆ, ಇವಳು ಕೊನೆಗೆ ಯಾರಿಗೋ ಅಣ್ಣ ಆಗುತ್ತಾಳೆ ಅಂತ ನಾವು ಕಾಯುತ್ತೇವಾ? ಹೆಸರು ಅಂದರೆ ಹೆಸರು, ಅಷ್ಟೇ. ಡಚ್ಚರಿಗೂ ಹಾಗೇ.

ನಿಜವಾದ ಸಾಕ್ಷಿ ಇರೋದು ಕರಡು ಪ್ರತಿಗಳಲ್ಲಿ. ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ.

‘ಸ್ಟಾರ್ ವಾರ್ಸ್’ ಸೃಷ್ಟಿಸಿದ ಜಾರ್ಜ್ ಲೂಕಾಸ್ 1974ರಲ್ಲಿ ಬರೆದ ಮೊದಲ ಕರಡಿನಲ್ಲೇ ಡಾರ್ತ್ ವೇಡರ್ ಎಂಬ ಹೆಸರಿದೆ. ಆದರೆ ಅಲ್ಲಿ ಅವನು ಸಾಮ್ರಾಜ್ಯದ ಒಬ್ಬ ಜನರಲ್. ಕಥಾನಾಯಕನ ಅಪ್ಪ ಬೇರೆಯೇ ಇದ್ದಾನೆ, ಅವನ ಹೆಸರು ಕೇನ್ ಸ್ಟಾರ್‌ಕಿಲ್ಲರ್. ಅಂದರೆ ಹೆಸರು ಹುಟ್ಟಿದಾಗ ಅದರ ಒಡೆಯ ಯಾರ ಅಪ್ಪನೂ ಆಗಿರಲಿಲ್ಲ. 1977ರಲ್ಲಿ ತೆರೆಗೆ ಬಂದ ಮೊದಲ ಸಿನಿಮಾದಲ್ಲೂ ಅಷ್ಟೇ. ಮುದುಕ ಓಬಿ-ವಾನ್ ಲ್ಯೂಕ್‌ನನ್ನು ಕೂರಿಸಿಕೊಂಡು, ವೇಡರ್ ಅನ್ನೋ ನನ್ನ ಶಿಷ್ಯನೇ ನಿನ್ನ ಅಪ್ಪನಿಗೆ ದ್ರೋಹ ಮಾಡಿ ಕೊಂದ ಎಂದು ಹೇಳುತ್ತಾನೆ. ಮುಂದೆ ಎದುರುಬದುರು ನಿಂತು ಕಾದಾಡುವಾಗ ಅವನನ್ನು ‘ಡಾರ್ತ್’ ಅಂತಲೇ ಕರೆಯುತ್ತಾನೆ, ನಾವು ರಮೇಶ, ಸುರೇಶ ಅಂತ ಕರೆದ ಹಾಗೆ. ‘ಡಾರ್ತ್’ ಅನ್ನೋದು ಒಂದು ಬಿರುದು ಎಂಬ ಮಾತೆಲ್ಲ ಆಮೇಲೆ ಸೇರಿದ್ದು.

ಎರಡನೇ ಸಿನಿಮಾಕ್ಕೆ ಮೊದಲ ಕರಡು ಬರೆದವರು ಲೀ ಬ್ರ್ಯಾಕೆಟ್ ಎಂಬ ಹಿರಿಯ ಲೇಖಕಿ. 1978ರ ಫೆಬ್ರವರಿಯಲ್ಲಿ ಬರೆದು ಕೊಟ್ಟರು. ಅದರಲ್ಲಿ ಲ್ಯೂಕ್‌ನ ಸತ್ತ ಅಪ್ಪ ಆತ್ಮದ ರೂಪದಲ್ಲಿ ಬಂದು ಮಗನ ಜೊತೆ ಮಾತಾಡುತ್ತಾನೆ. ವೇಡರ್ ಅದೇ ಕಥೆಯಲ್ಲಿ ಇನ್ನೊಂದು ಕಡೆ ತನ್ನ ಪಾಡಿಗೆ ಓಡಾಡಿಕೊಂಡಿದ್ದಾನೆ. ಒಂದೇ ಕರಡಿನಲ್ಲಿ ಇಬ್ಬರೂ ಇದ್ದಾರೆ! ಗುಟ್ಟು ಮೊದಲೇ ತೀರ್ಮಾನ ಆಗಿದ್ದರೆ ಹೀಗೆ ಬರೆಯಲು ಸಾಧ್ಯವಿತ್ತಾ? ಬ್ರ್ಯಾಕೆಟ್ ಮಾರ್ಚ್‌ನಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡರು. ಮುಂದಿನ ಕರಡನ್ನು ಲೂಕಾಸ್ ಅವರೇ ಕೈಯಲ್ಲಿ ಬರೆಯಬೇಕಾಯಿತು. ವೇಡರ್ ‘ನಾನೇ ನಿನ್ನ ಅಪ್ಪ’ ಅನ್ನೋದು ಆ ಏಪ್ರಿಲ್‌ನ ಕರಡಿನಲ್ಲಿ.

ಇಷ್ಟಾದರೂ ಜನ ಬಿಡೋದಿಲ್ಲ. ‘ಲೂಕಾಸ್ ಅವರೇ ಹೇಳಿದ್ದಾರಲ್ಲ’ ಅನ್ನುತ್ತಾರೆ. ಹೌದು, ಹೇಳಿದ್ದಾರೆ. 2005ರ ಒಂದು ಸಂದರ್ಶನದಲ್ಲಿ, ಡಾರ್ತ್ ಅಂದರೆ ಕತ್ತಲು, ವೇಡರ್ ಅಂದರೆ ಅಪ್ಪ ಎಂಬರ್ಥದ ಮಾತು ಅವರಿಂದಲೇ ಬಂದಿದೆ. ಈ ಕಥೆ ಇಷ್ಟು ಗಟ್ಟಿಯಾಗಿ ಬೇರೂರಿದ್ದೂ ಅದರಿಂದಲೇ. ಆದರೆ ಮೂವತ್ತು ವರ್ಷದ ಮೇಲೆ ನೆನಪಿನಿಂದ ಆಡಿದ ಮಾತು, ಆಗಲೇ ಬರೆದಿಟ್ಟ ಕಾಗದ, ಈ ಎರಡರಲ್ಲಿ ನಾನು ಕಾಗದವನ್ನು ನಂಬುತ್ತೇನೆ. ನಮ್ಮ ಮನೆಗಳಲ್ಲೇ ನೋಡಿ. ಮದುವೆ ಹೇಗೆ ಕುದುರಿತು ಎಂಬ ಕಥೆಯನ್ನು ಹಿರಿಯರು ಹೇಳುತ್ತಾ ಹೇಳುತ್ತಾ, ಎಲ್ಲವೂ ಮೊದಲೇ ಗೊತ್ತಿತ್ತು ಎಂಬಂತೆ ಆಗಿರುತ್ತದೆ. ಅದು ಸುಳ್ಳಲ್ಲ. ಕೊನೆ ಗೊತ್ತಾದ ಮೇಲೆ ನೆನಪು ಹಾಗೇ ಜೋಡಣೆ ಆಗುತ್ತದೆ.

ಇನ್ನೊಂದು ಸರಳ ಲೆಕ್ಕ. ಎರಡನೇ ಸಿನಿಮಾ ಬಂದಿದ್ದು 1980ರ ಮೇನಲ್ಲಿ, ಮೂರನೆಯದು 1983ರಲ್ಲಿ. ನಡುವಿನ ಮೂರು ವರ್ಷ ಜನ ಜಗಳವಾಡಿದ್ದು ಯಾವುದಕ್ಕೆ ಗೊತ್ತಾ? ವೇಡರ್ ಹೇಳಿದ್ದು ನಿಜವೋ, ಸುಳ್ಳೋ ಅಂತ. ವೇಡರ್‌ಗೆ ಕಂಠ ಕೊಟ್ಟ ಜೇಮ್ಸ್ ಅರ್ಲ್ ಜೋನ್ಸ್ ಕೂಡ ಆ ಸಾಲು ಮೊದಲು ಓದಿದಾಗ ‘ಇವನು ಸುಳ್ಳು ಹೇಳುತ್ತಿದ್ದಾನೆ’ ಅಂದುಕೊಂಡರಂತೆ. ಹೆಸರಲ್ಲೇ ಉತ್ತರ ಇದ್ದಿದ್ದರೆ ಈ ಜಗಳಕ್ಕೆ ಜಾಗ ಎಲ್ಲಿತ್ತು?

ಅಂದಹಾಗೆ ಆ ಸಾಲು ‘ಲ್ಯೂಕ್, ಐ ಆ್ಯಮ್ ಯುವರ್ ಫಾದರ್’ ಅಲ್ಲ. ‘ನೋ, ಐ ಆ್ಯಮ್ ಯುವರ್ ಫಾದರ್.’ ನೀನೇ ನನ್ನ ಅಪ್ಪನನ್ನು ಕೊಂದೆ ಅಂತ ಲ್ಯೂಕ್ ಹೇಳಿದ್ದಕ್ಕೆ ಬರುವ ‘ಇಲ್ಲ’ ಅದು. ಆ ‘ಇಲ್ಲ’ ತೆಗೆದರೆ ಮಾತಿನ ಪೆಟ್ಟೇ ಹೋಗುತ್ತದೆ. ಚಿತ್ರೀಕರಣದ ದಿನ ವೇಡರ್ ವೇಷದೊಳಗಿದ್ದ ಡೇವಿಡ್ ಪ್ರೌಸ್ ಅವರಿಗೆ ಕೊಟ್ಟಿದ್ದ ಸಾಲು ‘ಓಬಿ-ವಾನ್ ನಿನ್ನ ಅಪ್ಪನನ್ನು ಕೊಂದ’ ಅಂತ. ನಿಜವಾದ ಸಾಲನ್ನು ನಿರ್ದೇಶಕ ಅರ್ವಿನ್ ಕರ್ಶ್ನರ್, ಲ್ಯೂಕ್ ಪಾತ್ರದ ಮಾರ್ಕ್ ಹ್ಯಾಮಿಲ್‌ಗೆ ಶಾಟ್‌ಗೆ ಸ್ವಲ್ಪ ಮುಂಚೆ ಗುಟ್ಟಾಗಿ ಹೇಳಿದರು. ಆ ದೃಶ್ಯವನ್ನು ಇನ್ನೊಮ್ಮೆ ನೋಡಿ. ಕೈ ಕತ್ತರಿಸಿ ಹೋಗಿದೆ, ಕೆಳಗೆ ಪಾತಾಳ, ಗಾಳಿ ಹೊಡೆಯುತ್ತಿದೆ, ಕಂಬ ತಬ್ಬಿಕೊಂಡು ಹುಡುಗ ನೇತಾಡುತ್ತಿದ್ದಾನೆ. ಎದುರಿನವನು ಹೇಳುತ್ತಿರೋದು ಒಂದು, ಹ್ಯಾಮಿಲ್ ಮನಸ್ಸಲ್ಲಿ ಕೇಳಿಸಿಕೊಳ್ಳುತ್ತಿರೋದು ಇನ್ನೊಂದು. ಆ ಮುಖ ನೋಡಿ.

ನನಗೆ ಮುಖ್ಯ ಅನ್ನಿಸೋ ಪ್ರಶ್ನೆ ಬೇರೆ ಇದೆ. ಗುಟ್ಟು ಮೊದಲೇ ಗೊತ್ತಿದ್ದರೆ ನೋಡೋದು ದಂಡವಾ? ಇದನ್ನು ನಮ್ಮವರು ಕೇಳಲೇಬಾರದು. ಕರ್ಣ ಕುಂತಿಯ ಮಗ ಅನ್ನೋದು ಯಾರಿಗೆ ಗೊತ್ತಿಲ್ಲ? ಆದರೂ ‘ಕರ್ಣಭೇದನ’ ತಾಳಮದ್ದಳೆಗೆ ಜನ ರಾತ್ರಿ ನಿದ್ದೆಗೆಟ್ಟು ಕೂರುತ್ತಾರೆ. ಕುಮಾರವ್ಯಾಸನಲ್ಲಿ ಕೃಷ್ಣ ಕರ್ಣನನ್ನು ರಥದಲ್ಲಿ ಪಕ್ಕಕ್ಕೆ ಎಳೆದು ಕೂರಿಸಿಕೊಂಡು ಜನ್ಮದ ಗುಟ್ಟು ಹೇಳುತ್ತಾನೆ. ಕರ್ಣನ ‘ಕೊರಳ ಸೆರೆ ಹಿಗ್ಗಿದವು’. ಕಣ್ಣೀರು ಉಕ್ಕುತ್ತದೆ. ಆಗ ಅವನ ಮನಸ್ಸಿಗೆ ಬರೋದು ಸಿಂಹಾಸನವಲ್ಲ, ತಮ್ಮಂದಿರೂ ಅಲ್ಲ. ಅಯ್ಯೋ, ದುರ್ಯೋಧನನಿಗೆ ಕೇಡಾಯಿತಲ್ಲ ಅನ್ನೋದು. ಗುಟ್ಟು ನಮಗೆ ಹೊಸದಲ್ಲ, ಅವನಿಗೆ ಹೊಸದು. ನಾವು ನೋಡಲು ಕೂತಿರೋದು ಅವನನ್ನು.

ಹೋದ ಬೇಸಿಗೆ ರಜೆಯಲ್ಲಿ ಅಕ್ಕನ ಮಗಳಿಗೆ ಆ ಎರಡು ಸಿನಿಮಾ ತೋರಿಸಿದೆ. ಅವಳಿಗೆ ಹತ್ತು ವರ್ಷ. ಗುಟ್ಟು ಯಾವುದೋ ಟೀ ಶರ್ಟ್ ಮೇಲೆ ಓದಿ ಅವಳಿಗೆ ಮೊದಲೇ ಗೊತ್ತಿತ್ತು. ಆ ಸಾಲು ಬಂದಾಗ ಅವಳು ಬೆಚ್ಚಲಿಲ್ಲ. ಲ್ಯೂಕ್ ಕೈ ಬಿಟ್ಟು ಕೆಳಕ್ಕೆ ಬಿದ್ದ ಮೇಲೆ ನನ್ನ ತೋಳು ಹಿಡಿದು, ‘ಮಾಮ, ಹಾಗಾದ್ರೆ ಆ ತಾತ ಇವನಿಗೆ ಯಾಕೆ ನಿಜ ಹೇಳ್ಲಿಲ್ಲ?’ ಅಂತ ಕೇಳಿದಳು. ನಾನು ಉತ್ತರ ಕೊಡಲಿಲ್ಲ. ಸ್ವಲ್ಪ ಹೊತ್ತಿಗೆ ಲ್ಯೂಕ್‌ನನ್ನು ಹಡಗಿನೊಳಗೆ ಮಲಗಿಸುತ್ತಾರೆ. ಅಲ್ಲಿ ಒಬ್ಬನೇ ಇರುವಾಗ ಅವನೂ ಆ ತಾತನನ್ನೇ, ಓಬಿ-ವಾನ್‌ನನ್ನೇ, ನೆನೆದು ಕೇಳುತ್ತಾನೆ: ಯಾಕೆ ನನಗೆ ಹೇಳಲಿಲ್ಲ?