ಜಾಯಿಕಾಯಿ ಎರಡೇ ಸುತ್ತು

ಮೇ ತಿಂಗಳ ಸೆಕೆಯಲ್ಲಿ ಒಬ್ಬ ಮಹಿಳೆ ಉಡುಪಿಯ ನನ್ನ ಕ್ಲಿನಿಕ್ಕಿಗೆ ಬಂದು, ಮೇಜಿನ ಮೇಲೆ ಒಂದು ತೊಟ್ಟೆ ಸುರುವಿದರು. ಅಶ್ವಗಂಧದ ಮಾತ್ರೆ, ಬ್ರಾಹ್ಮಿ ಕ್ಯಾಪ್ಸೂಲ್, ಜಟಾಮಾಂಸಿ ಪುಡಿ. ಅದರ ಜೊತೆ ವಾಟ್ಸಾಪಿನಲ್ಲಿ ನೋಡಿ ತರಿಸಿದ, ಏನೇನು ಹಾಕಿದ್ದಾರೆಂದು ಬರೆಯದ ಒಂದು ಚೂರ್ಣ. ತಳದಲ್ಲಿ ಬಿಪಿ ಮಾತ್ರೆ, ಥೈರಾಯ್ಡ್ ಮಾತ್ರೆ.

"ಇಷ್ಟೆಲ್ಲ ತಿಂದ್ರೂ ರಾತ್ರಿ ಎರಡು ಗಂಟೆಗೆ ಎಚ್ಚರ ಆಗ್ತದೆ ಡಾಕ್ಟ್ರೇ. ಇನ್ನೊಂದೇನಾದ್ರೂ ಕೊಡಿ."

ನಾನು ಇನ್ನೊಂದು ಕೊಡಲಿಲ್ಲ. ಬಿಪಿ ಮಾತ್ರೆಯ ಪಟ್ಟಿ ತಿರುಗಿಸಿ ನೋಡಿದೆ. ಅದರಲ್ಲಿ ಮೂತ್ರ ಹೆಚ್ಚಿಸುವ ಔಷಧಿಯೂ ಸೇರಿತ್ತು. ಅವರು ಅದನ್ನು ರಾತ್ರಿ ಊಟ ಆದ ಮೇಲೆ ನುಂಗುತ್ತಿದ್ದರು. ಎಚ್ಚರ ಆಗದೆ ಇರುತ್ತದೆಯೇ? ಅದನ್ನು ಬರೆದುಕೊಟ್ಟ ವೈದ್ಯರಿಗೆ ಫೋನ್ ಮಾಡಿ, ಬೆಳಿಗ್ಗೆಗೆ ಬದಲಾಯಿಸಿದೆವು. ಅಶ್ವಗಂಧ ನಿಲ್ಲಿಸಿದೆ. ಅದು ಥೈರಾಯ್ಡ್ ಹಾರ್ಮೋನನ್ನು ಏರಿಸಬಲ್ಲದು. ಮೊದಲೇ ಥೈರಾಯ್ಡ್ ಮಾತ್ರೆ ತಿನ್ನುವವರಿಗೆ ಎದೆ ಡವಡವ, ಬೆವರು, ಚಡಪಡಿಕೆ ಶುರುವಾಗಬಹುದು. ನಿದ್ದೆಗೆಂದು ತಿಂದದ್ದೇ ನಿದ್ದೆ ಕೆಡಿಸಿದ ಹಾಗೆ. ಹೆಸರಿಲ್ಲದ ಚೂರ್ಣ ಸೀದಾ ಕಸದ ಬುಟ್ಟಿಗೆ ಹೋಯಿತು.

ನಾನು ಆಯುರ್ವೇದದವನೇ. ಬೇರು, ಸೊಪ್ಪು ನನ್ನ ಅನ್ನ. ಆದರೂ "ಗಿಡಮೂಲಿಕೆ ತಾನೇ, ಏನಾಗ್ತದೆ" ಎಂಬ ಮಾತು ಕೇಳಿದರೆ ನನಗೆ ಹೆದರಿಕೆ ಆಗುತ್ತದೆ. ಮೈಮೇಲೆ ಕೆಲಸ ಮಾಡುವಷ್ಟು ಶಕ್ತಿ ಇರುವ ವಸ್ತುವಿಗೆ ಕೆಡಿಸುವ ಶಕ್ತಿಯೂ ಇರುತ್ತದೆ.

ಜಾಯಿಕಾಯಿಯನ್ನೇ ನೋಡಿ. ನಮ್ಮ ಅಡಿಕೆ ತೋಟಗಳಲ್ಲೇ ಬೆಳೆಯುತ್ತದೆ. ನಿದ್ದೆ ಬರಲೆಂದು ಅಜ್ಜಿಯಂದಿರು ಸಾಣೆಕಲ್ಲಿನ ಮೇಲೆ ನಾಲ್ಕು ಹನಿ ಹಾಲು ಬಿಟ್ಟು, ಕಾಯಿಯನ್ನು ಎರಡೇ ಸುತ್ತು ತೇಯುತ್ತಿದ್ದರು. ಕಲ್ಲಿನ ಮೇಲೆ ಕಂದು ಗೆರೆಯೊಂದು ಮೂಡುತ್ತದೆ, ಅಷ್ಟೇ. ಅದನ್ನು ಬೆರಳಲ್ಲಿ ಬಳಿದು ಲೋಟದ ಬಿಸಿ ಹಾಲಿಗೆ ಕಲಸುವುದು. ದೊಡ್ಡವರಿಗೆ ನಾನು ಹೇಳುವುದೂ ಇದೇ ಅಳತೆ. ಒಬ್ಬ ಯುವಕ ಇಡೀ ಕಾಯಿಯನ್ನು ಮಿಕ್ಸಿಗೆ ಹಾಕಿ ಹಾಲಲ್ಲಿ ಕುಡಿದಿದ್ದ. ಒಂದು ಕಾಯಿ ಎಂದರೆ ಸುಮಾರು 5 ಗ್ರಾಂ. ವಿಷವಾಗಲು ಅಷ್ಟು ಸಾಕು. ಕುಡಿದ ಕೂಡಲೇ ಏನೂ ಆಗುವುದಿಲ್ಲ, ಮೋಸ ಇರುವುದೇ ಅಲ್ಲಿ. ಕೆಲವು ಗಂಟೆ ಬಿಟ್ಟು ಬಾಯಿ ಒಣಗಿ, ಎದೆ ಬಡಿದುಕೊಂಡು, ಇಲ್ಲದ್ದೆಲ್ಲ ಕಾಣತೊಡಗಿತು. ಒಂದು ದಿನ ಆಸ್ಪತ್ರೆಯಲ್ಲಿದ್ದ. ಅವನ ಅಜ್ಜಿಗೆ ನಗಬೇಕೋ ಬೈಯಬೇಕೋ ತಿಳಿಯಲಿಲ್ಲ.

ಅಶ್ವಗಂಧ ಕೆಲಸ ಮಾಡುವುದೇ ಇಲ್ಲ ಎಂದಲ್ಲ. ಅದರ ಸಸ್ಯಶಾಸ್ತ್ರದ ಹೆಸರಿನಲ್ಲೇ ಇರುವ 'ಸೋಮ್ನಿಫೆರಾ' ಎಂಬ ಪದಕ್ಕೆ ನಿದ್ದೆ ತರುವಂಥದ್ದು ಎಂದೇ ಅರ್ಥ. ಸಣ್ಣ ಸಣ್ಣ ಪ್ರಯೋಗಗಳಲ್ಲಿ ನಿದ್ದೆ ಸ್ವಲ್ಪ ಸುಧಾರಿಸಿದ್ದು ಕಂಡಿದೆ. ಆದರೆ ಇವತ್ತು ನುಂಗಿ ಇವತ್ತೇ ಮಲಗಿಸುವ ಮಾತ್ರೆ ಅದಲ್ಲ. ವಾರಗಟ್ಟಲೆ ಕಾಯಬೇಕು. ಲೇಬಲ್ಲಿನಲ್ಲಿ 'ಬೇರು' ಎಂದು ಬರೆದಿದೆಯೇ ನೋಡಿ, ಎಲೆಯ ಸಾರ ಬೇಡ. ಗರ್ಭಿಣಿಯರಿಗೆ ಬೇಡವೇ ಬೇಡ. ಲಿವರಿಗೆ ಪೆಟ್ಟು ಬಿದ್ದ ಪ್ರಕರಣಗಳೂ ವರದಿಯಾಗಿವೆ. ಕಣ್ಣು ಹಳದಿಯಾದರೆ, ಮೈ ತುರಿಸಿದರೆ ಕೂಡಲೇ ನಿಲ್ಲಿಸಿ ವೈದ್ಯರನ್ನು ನೋಡಿ.

ಬ್ರಾಹ್ಮಿಯಲ್ಲಿ ಹೆಸರಿನ ಗೊಂದಲ ಜಾಸ್ತಿ. ಮನೆಯ ಬಚ್ಚಲ ನೀರು ಹರಿಯುವಲ್ಲಿ ಹಬ್ಬುವ ಒಂದೆಲಗವನ್ನು, ತುಳುವಿನ ತಿಮರೆಯನ್ನು, ನಾವು ಬ್ರಾಹ್ಮಿ ಎನ್ನುತ್ತೇವೆ. ಕ್ಯಾಪ್ಸೂಲಿನಲ್ಲಿ ಇರುವುದು ಸಾಮಾನ್ಯವಾಗಿ ನೀರುಬ್ರಾಹ್ಮಿ, ಅದು ಬೇರೆಯೇ ಗಿಡ. ಆ ಕ್ಯಾಪ್ಸೂಲಿನಿಂದ ಕೆಲವರಿಗೆ ಹೊಟ್ಟೆ ಕೆಡುತ್ತದೆ. ಒಂದೆಲಗದ ತಂಬುಳಿ ಊಟಕ್ಕೆ ಚಂದ, ಧಾರಾಳವಾಗಿ ಉಣ್ಣಿ. ಅದರಿಂದಲೇ ನಿದ್ದೆ ಬರುತ್ತದೆ ಎಂದು ಮಾತ್ರ ನಾನು ಹೇಳುವುದಿಲ್ಲ. ಜಟಾಮಾಂಸಿ ಹಿಮಾಲಯದ ಎತ್ತರದ ಗಿಡ, ಕಿತ್ತು ಕಿತ್ತು ಅಳಿವಿನಂಚಿಗೆ ಬಂದಿದೆ. ಅದಕ್ಕೇ ಕಲಬೆರಕೆಯೂ ಇದೆ. ಪುಡಿ ಮಾಡಿದ ಮೇಲೆ ಅದು ಅಸಲಿಯೋ ಅಲ್ಲವೋ ಎಂದು ಬರೀ ಕಣ್ಣಲ್ಲಿ ನೋಡಿ ನಾನೂ ಹೇಳಲಾರೆ. ನಿದ್ದೆಗೆಂದು ಕೊಡುವ ಇನ್ನೊಂದು ಬೇರು ತಗರ. ಅದರ ಹತ್ತಿರದ ನಂಟ ವಲೇರಿಯನ್ ಎಂಬ ಗಿಡ. ನಿದ್ರಾಹೀನತೆಗೆ ವಲೇರಿಯನ್ ಬಳಸದಿರುವುದೇ ಒಳ್ಳೆಯದು ಎಂದು ಅಮೆರಿಕದ ನಿದ್ರಾತಜ್ಞರ ಅಕಾಡೆಮಿ 2017ರಲ್ಲಿ ಸಲಹೆ ಕೊಟ್ಟಿತು. ಇದನ್ನು ಹೇಳಿದರೆ ನಮ್ಮವರೇ ಕೆಲವರು ಮುನಿಸಿಕೊಳ್ಳುತ್ತಾರೆ. ಇನ್ನು ಸರ್ಪಗಂಧ. ಅದನ್ನು ಅಂಗಡಿಯಿಂದ ಸ್ವಂತಕ್ಕೆ ತರಲೇಬೇಡಿ. ಬಿಪಿ ಇಳಿಸುತ್ತದೆ, ಕೆಲವರನ್ನು ಖಿನ್ನತೆಗೂ ತಳ್ಳುತ್ತದೆ.

ನಿದ್ದೆ ತರಿಸುವವುಗಳಲ್ಲಿ ಎಮ್ಮೆ ಹಾಲೇ ಶ್ರೇಷ್ಠ ಎನ್ನುತ್ತಾನೆ ಚರಕ. ನಮ್ಮೂರಲ್ಲಿ ಎಮ್ಮೆ ಹಾಲು ಹುಡುಕುವುದೇ ನಿದ್ದೆಗೆಡುವ ಕೆಲಸ! ನಾನು ಮೊದಲು ಹೇಳುವುದು ತೆಂಗಿನೆಣ್ಣೆಯನ್ನು. ಮಲಗುವ ಮುಂಚೆ ಉಗುರುಬೆಚ್ಚಗೆ ಮಾಡಿ ಅಂಗಾಲಿಗೆ ಹತ್ತು ನಿಮಿಷ ತಿಕ್ಕುವುದು. ಕೆಲಸ ಮಾಡುವುದು ಎಣ್ಣೆಯೋ, ಆ ಹತ್ತು ನಿಮಿಷ ಕೈಯಲ್ಲಿ ಮೊಬೈಲ್ ಇಲ್ಲದ್ದೋ, ನನಗೆ ಎರಡೂ ಒಂದೇ. ಎಣ್ಣೆ ಕಾಲಲ್ಲಿ ನೆಲದ ಮೇಲೆ ಓಡಾಡಬೇಡಿ, ಜಾರಿ ಬಿದ್ದವರನ್ನೂ ಕಂಡಿದ್ದೇನೆ. ಸಂಜೆ ಐದರ ಚಾ ಬಿಡಿ. ಅದರ ಕೆಫೀನಿನ ಅರ್ಧದಷ್ಟು ರಾತ್ರಿ ಹತ್ತಕ್ಕೂ ಮೈಯಲ್ಲಿ ಉಳಿದಿರುತ್ತದೆ. ಗಸಗಸೆ ಪಾಯಸ ಕುಡಿದು ಮಧ್ಯಾಹ್ನ ಎರಡು ಗಂಟೆ ಗಡದ್ದಾಗಿ ಮಲಗಿದವರು ರಾತ್ರಿ ನಿದ್ದೆ ಇಲ್ಲ ಎಂದರೆ ನಾನೇನು ಮಾಡಲಿ? ಗಸಗಸೆ ಎಂದಾಗ ನೆನಪಾಯಿತು, ದುಬೈಯಲ್ಲಿರುವ ಮಕ್ಕಳಿಗೆ ಅದನ್ನು ಕಟ್ಟಿ ಕಳಿಸಬೇಡಿ. ಅಲ್ಲಿ ಅದು ನಿಷಿದ್ಧ, ಜೈಲಾದೀತು.

ಆಲ್ಪ್ರಜೋಲಾಮ್‌ನಂತಹ ನಿದ್ದೆ ಮಾತ್ರೆಯನ್ನು ವರ್ಷಗಟ್ಟಲೆ ತಿಂದವರು ಕಷಾಯ ಶುರು ಮಾಡಿ ಆ ಮಾತ್ರೆಯನ್ನು ಒಮ್ಮೆಲೇ ಬಿಡಬಾರದು. ಫಿಟ್ಸ್ ಬರಬಹುದು. ಕೊಟ್ಟ ವೈದ್ಯರೇ ಮೆಲ್ಲ ಮೆಲ್ಲ ಇಳಿಸಬೇಕು.

ಜೋರಾಗಿ ಗೊರಕೆ ಹೊಡೆದು, ನಡುವೆ ಉಸಿರು ಕಟ್ಟಿ, ಹಗಲು ಬಸ್ಸಿನಲ್ಲಿ ತೂಕಡಿಸುವವರಿಗೆ ನನ್ನಲ್ಲಿ ಯಾವ ಬೇರೂ ಇಲ್ಲ. ಅವರಿಗೆ ನಿದ್ರೆಯ ಪರೀಕ್ಷೆ ಆಗಬೇಕು. ಅಂಥ ಗಂಡಸರು ಬರುವಾಗ ಹೆಂಡತಿಯನ್ನೂ ಕರೆದುಕೊಂಡು ಬನ್ನಿ. "ನಾನು ಗೊರಕೆ ಹೊಡೆಯುವುದೇ ಇಲ್ಲ" ಎಂದು ಅವರು ಹೇಳುವಾಗ, ನಾನು ಪಕ್ಕದ ಕುರ್ಚಿಯ ಕಡೆ ನೋಡುತ್ತೇನೆ.